ಸೋಮವಾರದ ಸಾವುಗಳು

ನನ್ನ ಗಂಡ ನನ್ನನ್ನು ಎಷ್ಟು ಸಲ ಸಾಯಿಸಿದ್ದಾರೆ ಎಂಬ ಲೆಕ್ಕವನ್ನು ನಾನು ಇಟ್ಟಿಲ್ಲ. ಬಾವಿಗೆ ಬಿದ್ದು ಸತ್ತಿದ್ದೇನೆ, ಹಾವು ಕಡಿದು ಸತ್ತಿದ್ದೇನೆ, ಹೊಗೆ ಕುಡಿದು ಸತ್ತಿದ್ದೇನೆ, ಒಮ್ಮೆ ಗಂಟಲಿಗೆ ಹಲಸಿನ ತೊಳೆ ಸಿಕ್ಕಿಕೊಂಡೂ ಸತ್ತಿದ್ದೇನೆ. ಎಲ್ಲವೂ ನಮ್ಮ ಶಿಕಾರಿಪುರದ ಮನೆಯ ಹಜಾರದಲ್ಲಿ, ಒಂದೇ ಚಾಪೆಯ ಮೇಲೆ, ಸೋಮವಾರ ಸಂಜೆ! ಗಾಬರಿಯಾಗಬೇಡಿ, ಪೊಲೀಸರಿಗೆ ಹೇಳುವಂಥದ್ದು ಏನೂ ಇಲ್ಲ. ಅವರು ಡಾಕ್ಟರು. "ನನ್ನ ಮಗನಿಗೆ ಅದಕ್ಕೆ ಸರ್ಕಾರದ ಪರವಾನಗಿ ಇದೆ" ಎಂದು ನಮ್ಮತ್ತೆಯೇ ಹೇಳುತ್ತಿದ್ದರು.

ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನಗೆ ತವರಿನಲ್ಲಿ ಹೇಳಿಕೊಟ್ಟಿದ್ದಾರೆ. ಇದೆಲ್ಲ ಮೂಢನಂಬಿಕೆ ಎಂದು ಅವರು ನನ್ನನ್ನು ಬೈದದ್ದುಂಟು. ಬೈಯಲಿ. ಬೇರೆ ಎಲ್ಲ ವಿಷಯದಲ್ಲೂ ಅವರ ಮಾತು ಕೇಳಿದ್ದೇನೆ, ಇದೊಂದರಲ್ಲಿ ಕೇಳುವುದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸೊರಬದಲ್ಲಿ ಕೆಲವು ವರ್ಷ ಇದ್ದು, ಆಗಷ್ಟೇ ಶಿಕಾರಿಪುರಕ್ಕೆ ವರ್ಗವಾಗಿ ಬಂದಿದ್ದೆವು. ಲೋಕದಲ್ಲಿ ಡಾಕ್ಟರಾದವರು ಏನು ಮಾಡುತ್ತಾರೆ? ಪರೀಕ್ಷೆ ಪಾಸಾದ ದಿನವೇ ಪುಸ್ತಕಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಆಮೇಲೆ ಸೀಸೆಯಲ್ಲಿ ಕೆಂಪು ನೀರು ಕೊಟ್ಟುಕೊಂಡು ಗೌರವವಾಗಿ ಬದುಕುತ್ತಾರೆ. ನಮ್ಮವರಿಗೆ ಆ ಬುದ್ಧಿ ಬರಲೇ ಇಲ್ಲ. ಬೆಂಗಳೂರಿನ ಸಹಪಾಠಿಯೊಬ್ಬರು ಓದಿ ಬಿಟ್ಟ ಇಂಗ್ಲಿಷ್ ವೈದ್ಯಕೀಯ ಪತ್ರಿಕೆಗಳು ಅಂಚೆಯಲ್ಲಿ ಕಟ್ಟುಕಟ್ಟಾಗಿ ಬರುತ್ತಿದ್ದವು. ಅವು ಬಂದ ದಿನ ಅವರನ್ನು ಊಟಕ್ಕೆ ಕರೆಯುವುದೇ ದಂಡ. ಎಲೆಯ ಪಕ್ಕದಲ್ಲಿ ಪತ್ರಿಕೆ ಹರಡಿಕೊಂಡು, ಸಾರು ಯಾವುದು ಮಜ್ಜಿಗೆ ಯಾವುದು ಎಂದು ತಿಳಿಯದೆ ಉಂಡು ಏಳುತ್ತಿದ್ದರು.

"ಓದಿ ಡಾಕ್ಟರಾದ್ಮೇಲೆ ಇನ್ನೂ ಏನೋ ಓದೋದು?" ಎಂದು ಅತ್ತೆ ಕೇಳುವರು.

"ನಾನು ಓದಿದ್ದು ಹಳೇದಾಯ್ತಮ್ಮ."

"ರೋಗಾನೂ ಹಳೇದೇ ಅಲ್ವೇನೋ?"

ನಮ್ಮವರು ಪತ್ರಿಕೆಯ ಹಾಳೆ ತಿರುವಿ ಮುಂದಕ್ಕೆ ಓದುವರು.

ಅದರಲ್ಲೂ ಅವರಿಗೆ ಸಾವಿನ ಹೊಸ್ತಿಲಲ್ಲಿ ನಿಂತ ರೋಗಿಗಳೇ ಬೇಕು. ನೆಗಡಿ, ಕಜ್ಜಿ, ಅಜೀರ್ಣ ಎಂದರೆ ಮುಖ ಸಣ್ಣದಾಗುತ್ತಿತ್ತು. ಔಷಧಿಯನ್ನೇನೋ ಸರಿಯಾಗಿಯೇ ಕೊಡುತ್ತಿದ್ದರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. "ಜ್ವರ ನಾಳೆವರೆಗೂ ಕಾಯುತ್ತೆ, ಉಸಿರು ಕಾಯೋದಿಲ್ಲ" ಎಂಬುದು ಅವರ ಮಂತ್ರ. ಹೋದಲ್ಲೆಲ್ಲ ಉಸಿರು ನಿಂತವರನ್ನು ಹುಡುಕುವ ಕಣ್ಣು! ಕುಬಟೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಹೋಳಿಗೆ ಊಟ ಮುಗಿಸಿದ ಹಿರಿಯರೊಬ್ಬರು ಚಪ್ಪರದ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು. ಗೊರಕೆ ಇರಲಿಲ್ಲ. ಗೊರಕೆ ಹೊಡೆಯದಿರುವುದು ಅಪರಾಧವೇ, ನೀವೇ ಹೇಳಿ! ಇವರು ಓಡಿಹೋಗಿ ಅವರ ಕತ್ತು ಹಿಂದಕ್ಕೆ ಬಗ್ಗಿಸಿ, ದವಡೆ ಮೇಲಕ್ಕೆತ್ತಿ, ಗಂಟಲಲ್ಲಿ ಏನಾದರೂ ಸಿಕ್ಕಿದೆಯೇ ಎಂದು ಬಾಯೊಳಗೆ ಬೆರಳು ಹಾಕಿದರು. ಹಿರಿಯರು ಬೆರಳನ್ನು ಕಚ್ಚಿ ಹಿಡಿದುಕೊಂಡೇ ಎದ್ದು ಕುಳಿತರು.

"ಯಾವನಯ್ಯ ನೀನು? ಅಡಿಕೆ ಬೇಕಾದ್ರೆ ತಟ್ಟೇಲಿದೆ, ನನ್ನ ಬಾಯೊಳಗೆ ಯಾಕೆ ಹುಡುಕ್ತೀಯ?"

ಅವರು ಮದುಮಗಳ ಅಜ್ಜ. ನಾನು ನಾಚಿಕೆಯಿಂದ ಸೆರಗಿನೊಳಗೆ ಮುಖ ಮುಚ್ಚಿಕೊಂಡೆ. ಹಿಂದಿರುಗುವ ಬಸ್ಸಿನಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ನಮ್ಮವರು ಹೇಳಿದ್ದೇನು ಗೊತ್ತೆ? "ದವಡೆ ಎತ್ತಿದ್ದು ಮಾತ್ರ ಸರಿಯಾಗಿತ್ತು ನೋಡು."

ಇಂಥವರು ತಾವೊಬ್ಬರೇ ಕಲಿತು ಸುಮ್ಮನಿರುತ್ತಾರೆಯೇ? ಸೋಮವಾರದ ಪಾಠ ಎಂದು ಒಂದನ್ನು ಶುರು ಮಾಡಿದರು. ಶಿಷ್ಯರು ಒಬ್ಬರೇ, ಸೊರಬದಲ್ಲಿ ಡಾಕ್ಟರಾಗಿದ್ದ ಅವರ ಹಳೆಯ ಗೆಳೆಯರು. ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿನಲ್ಲಿ ಧೂಳು ತಿನ್ನುತ್ತ ಬರುತ್ತಿದ್ದರು. ಬರುತ್ತಿದ್ದುದು ಪಾಠಕ್ಕಲ್ಲ, ನನ್ನ ಉಪ್ಪಿಟ್ಟಿಗೆ ಎಂದು ಅವರೇ ಒಪ್ಪಿಕೊಂಡಿದ್ದರು. ಗುರು ಸಿಕ್ಕರು, ಶಿಷ್ಯ ಸಿಕ್ಕರು. ಇನ್ನು ಪ್ರಾಣ ಬಿಡುವುದಕ್ಕೊಬ್ಬರು ಬೇಡವೆ? ಮನೆಯಲ್ಲಿ ಕೈಗೆ ಸಿಕ್ಕವಳು ನಾನು.

ಮೊದಮೊದಲಿನ ಪಾಠ ಹಳೆಯ ಪದ್ಧತಿಯದು. ನೀರಿಗೆ ಬಿದ್ದವರನ್ನು ಬೋರಲು ಮಲಗಿಸಿ, ಬೆನ್ನು ಒತ್ತಿ, ಮೊಳಕೈ ಹಿಡಿದು ಎತ್ತುವುದು. ಒತ್ತುವವರು ನಮ್ಮವರು, ದೂರದಲ್ಲಿ ಕುಳಿತು ತಾಳ ಹಾಕುವವರು ಸೊರಬದವರು. ನಿಜ ಹೇಳುತ್ತೇನೆ, ಈ ಪಾಠ ನನಗೆ ಬಹಳ ಹಿಡಿಸಿತ್ತು. ದಿನವಿಡೀ ನೀರು ಸೇದಿ, ಬಗ್ಗಿ ಗುಡಿಸಿದ ಬೆನ್ನಿಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ಇದೆಯೆ? "ಇನ್ನೂ ಬದುಕಿಲ್ಲ ರೀ, ಇನ್ನೊಂದು ಸ್ವಲ್ಪ ಒತ್ತಿ" ಎನ್ನುತ್ತಿದ್ದೆ.

ನನ್ನ ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ದಿನ ಅಂಚೆಯ ಕಟ್ಟು ಬಿಚ್ಚಿದವರು ಪತ್ರಿಕೆ ಕೈಯಲ್ಲಿ ಹಿಡಿದು ಹಜಾರದ ತುಂಬ ಓಡಾಡತೊಡಗಿದರು. ಬೆನ್ನು ಒತ್ತಿದರೆ ಎದೆಯೊಳಗೆ ಸಾಕಷ್ಟು ಗಾಳಿ ಹೋಗುವುದಿಲ್ಲವಂತೆ. ಅಂಗಾತ ಮಲಗಿಸಿ, ಕತ್ತು ಹಿಂದಕ್ಕೆ ಬಗ್ಗಿಸಿ, ಬಾಯಿಗೆ ಬಾಯಿ ಇಟ್ಟು ಊದಬೇಕಂತೆ. ಆ ಸೋಮವಾರ ಸೊರಬದವರು ಇದನ್ನು ಕೇಳಿ ಕೆರಳಿದರು.

"ಅಲ್ಲ ಮಾರಾಯ, ಬೆನ್ನು ಒತ್ತೋದು ಕಲಿಯೋಕೆ ನಂಗೆ ಇಷ್ಟು ವರ್ಷ ಹಿಡೀತು. ಈಗ ಅದು ಸುಳ್ಳು ಅಂತೀಯ?"

"ಸುಳ್ಳಲ್ಲ, ಹಳೇದು."

"ನಾಳೆ ಇದೂ ಹಳೇದಾಗುತ್ತಲ್ಲ?"

"ಆಗ್ಲಿ. ನಾಳೇದನ್ನ ನಾಳೆ ಕಲಿಯೋಣ."

ಸೊರಬದವರು ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಕೆಳಗಿಟ್ಟರು. ಪರಿಸ್ಥಿತಿ ಅಷ್ಟು ಗಂಭೀರವಾಗಿತ್ತು! ಅಷ್ಟರಲ್ಲಿ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ನಮ್ಮತ್ತೆ, ಒಲೆ ಊದುತ್ತಿದ್ದ ಊದುಗೊಳವೆಯನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದರು. ಅತ್ತೆ ಎಂದರೆ ಮಡಿ, ಮಡಿ ಎಂದರೆ ಅತ್ತೆ. ನೀರು ಕುಡಿಯುವಾಗ ಲೋಟ ತುಟಿಗೆ ತಾಗಿದರೆ ಹುಣಿಸೆಹಣ್ಣು ಹಾಕಿ ತಿಕ್ಕಿಸುವವರು.

"ಬಾಯಿಗೆ ಬಾಯಿ ಇಟ್ಟು ಊದೋದಾ? ಎಂಜಲಲ್ವೇನೋ?"

"ಉಸಿರಿಗೆ ಎಂಜಲಿಲ್ಲಮ್ಮ."

"ಹಾಗಾದ್ರೆ ದೀಪಾನ ಬಾಯಲ್ಲಿ ಊದಿ ಆರಿಸಬಾರ್ದು ಅಂತ ಯಾಕೆ ಮಾಡಿದ್ದಾರೆ?"

"ದಿನಾ ಒಲೆ ಊದ್ತೀಯಲ್ಲ? ಅದೂ ಬೆಂಕೀನೇ."

"ನಡುವೆ ಕೊಳವೆ ಇದೆ ಕಣೋ!" ಎಂದು ಅತ್ತೆ ಊದುಗೊಳವೆಯನ್ನು ಅವರ ಮೂಗಿನ ಮುಂದೆ ಆಡಿಸಿದರು. ವಾದ ಬಹಳ ಹೊತ್ತು ನಡೆಯಿತು. ಕೊನೆಗೆ, ಬಾಯಿಗೂ ಬಾಯಿಗೂ ನಡುವೆ ವಸ್ತ್ರವೊಂದಿದ್ದರೆ ಆಗಬಹುದು ಎಂದು ತೀರ್ಪಾಯಿತು. ಆದರೆ ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ಅಲ್ಲದೆ ಊದೋನು ಯಾರು, ನೀನಾ? ಶಂಖ ಊದೋಕೆ ಬಾರದವನು ಹೆಣ ಊದ್ತಾನಂತೆ!"

ನಮ್ಮವರೂ ನಕ್ಕರು, ಸೊರಬದವರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮವರಿಗೆ ಚಿಕ್ಕಂದಿನಿಂದ ಉಬ್ಬಸ. ಶಂಖ ಬಾಯಿಗಿಟ್ಟರೆ ಶಂಖ ಸುಮ್ಮನಿರುತ್ತಿತ್ತು, ಇವರ ಎದೆ ಸಿಳ್ಳೆ ಹಾಕುತ್ತಿತ್ತು. ಮಾಗಿಯ ಚಳಿ ಬಂತೆಂದರೆ ಗೋಡೆಗೆ ದಿಂಬು ಕೊಟ್ಟು, ಕುಳಿತೇ ನಿದ್ದೆ ಮಾಡುತ್ತಿದ್ದ ಮನುಷ್ಯ. ಊರಿನವರ ಉಸಿರಿನ ಚಿಂತೆ ಮಾಡುವುದಕ್ಕೆ ಮೊದಲು ತಮ್ಮದನ್ನು ನೋಡಿಕೊಳ್ಳಬಾರದೆ? ನಾನು ಹೀಗೆ ಕೇಳಿದರೆ, "ಇಲ್ಲದವನಿಗೇ ಬೆಲೆ ಗೊತ್ತಿರೋದು ಕಣೆ" ಎಂದು ಪತ್ರಿಕೆಯ ಹಿಂದೆ ಅಡಗಿಕೊಳ್ಳುತ್ತಿದ್ದರು.

ಅಂತೂ ಹೊಸ ಪಾಠ ಶುರುವಾಯಿತು. ಇದಕ್ಕೆ ಶಿಷ್ಯರಿಗೆ ಪ್ರವೇಶವಿಲ್ಲ, ಹಜಾರದ ಕದ ಮುಂದೆ ಮಾಡಬೇಕು ಎಂದು ನಾನು ಹಟ ಹಿಡಿದೆ. ನಾನು ಒಳಗೆ ಸತ್ತು ಮಲಗುತ್ತಿದ್ದೆ. ಅವರು ನನ್ನ ಬಾಯಿಯ ಮೇಲೆ ಮಡಿಸಿದ ವಸ್ತ್ರ ಹಾಕಿ ಊದುತ್ತಿದ್ದರು. ಹೊರಗೆ ಅತ್ತೆ ಇಬ್ಬರಿಗೂ ಕೇಳಿಸುವಂತೆ ಕೆಮ್ಮುತ್ತಿದ್ದರು. ಕತ್ತು ಸಾಕಷ್ಟು ಬಗ್ಗದಿದ್ದರೆ ಗಾಳಿ ಎದೆಗೆ ಹೋಗದೆ ಕೆನ್ನೆಯಲ್ಲೇ ತುಂಬಿಕೊಂಡು ನನಗೆ ನಗು ಉಕ್ಕುತ್ತಿತ್ತು.

"ಸತ್ತವರು ನಗಬಾರ್ದು!"

"ಸತ್ತವಳಿಗೆ ಕಚಗುಳಿ ಆದ್ರೆ ಏನು ಮಾಡ್ಬೇಕು ಅಂತ ನಿಮ್ಮ ಪತ್ರಿಕೇಲಿ ಬರೆದಿಲ್ವೇನ್ರೀ?"

ಅವರು ನಗುತ್ತಿರಲಿಲ್ಲ. ಪ್ರತಿ ಸಲವೂ ಎಬ್ಬಿಸಿ ಕೂರಿಸಿ ಕೇಳುವರು. ಈ ಸಲ ಎಲ್ಲಿ ತಪ್ಪಿತು? ಗಾಳಿ ಎಲ್ಲಿಗೆ ಹೋಯಿತು? ಮೂಗು ಸರಿಯಾಗಿ ಹಿಡಿದಿದ್ದೆನೆ? ಎದೆ ಏರಿದ್ದು ಗೊತ್ತಾಯಿತೆ? ಉತ್ತರ ಹೇಳದೆ ನನಗೆ ಒಲೆಯ ಮುಂದೆ ಹೋಗಲು ಬಿಡುಗಡೆಯಿಲ್ಲ. ಬದುಕಿರುವ ಹೆಂಗಸರಿಗೆ ಗಂಡಂದಿರು ಸೀರೆ ತಂದುಕೊಡುತ್ತಾರೆ. ನನಗೆ ಸತ್ತ ಮೇಲೂ ಪರೀಕ್ಷೆ!

ಇಷ್ಟರ ಮೇಲೆ ಊರನ್ನು ತಿದ್ದುವ ಹುಮ್ಮಸ್ಸು ಬಂತು. ನಮ್ಮ ಕಡೆ ನೀರಿಗೆ ಬಿದ್ದವರನ್ನು ಮೇಲೆತ್ತಿದರೆ ಮೊದಲು ಕುಂಬಾರನ ಮನೆಗೆ ಒಯ್ಯುವುದು ರೂಢಿ. ಮಡಕೆ ಮಾಡುವ ತಿಗರಿಯ ಮೇಲೆ ಮಲಗಿಸಿ ಗರಗರ ತಿರುಗಿಸಿದರೆ ಕುಡಿದ ನೀರೆಲ್ಲ ಹೊರಗೆ ಬಂದು ಮನುಷ್ಯ ಎದ್ದು ಕೂರುತ್ತಾನೆ ಎಂಬ ನಂಬಿಕೆ. ನಮ್ಮವರು ಕುಂಬಾರನ ಹತ್ತಿರ ಜಗಳಕ್ಕೇ ಹೋದರು. ಅವನು ಮಣ್ಣಿನ ಕೈ ಕೊಡವಿ ಹೇಳಿದ, "ಈ ತಿಗರಿ ಮ್ಯಾಲೆ ಮಡಕಿ ಎದ್ದಿದ್ದು ನೋಡೀನ್ರೀ ಡಾಕ್ಟ್ರೇ, ಮನುಷ್ಯಾ ಎದ್ದಿದ್ದು ಒಂದಿನಾನೂ ನೋಡಿಲ್ಲ. ಬ್ಯಾಡ ಅಂದ್ರ ಅಳ್ಕೋತ ನಿಂತವ್ರು ಕೇಳಬೇಕಲ್ರೀ?" ಜಗಳಕ್ಕೆ ಹೋದವರು ಎರಡು ಹೂಜಿ ಕೊಂಡು ತಂದರು.

ತಾಳಗುಂದದ ಜನರಿಗೆ ಹೊಸ ವಿಧಾನ ತೋರಿಸಲು ನಾನು ನಾಲ್ಕು ಜನರ ಮುಂದೆ ಬಂದು ಸಾಯಬೇಕೆಂದು ಕೇಳಿದರು. "ನಿಮ್ಮ ಕೈಯಲ್ಲಿ ಸಾಯ್ತೀನಿ, ನಿಮ್ಮ ಮನೇಲಿ ಸಾಯ್ತೀನಿ. ಬೀದೀಲಿ ಸಾಯೋದಿಲ್ಲ" ಎಂದುಬಿಟ್ಟೆ. ಗಂಡ ಹೆಂಡತಿ ಬೀದಿಯಲ್ಲಿ ಜೊತೆಯಾಗಿ ನಡೆದರೇ ಜನ ತಿರುಗಿ ನೋಡುತ್ತಿದ್ದ ಕಾಲ, ಇನ್ನು ಬಾಯಿಗೆ ಬಾಯಿ ಇಟ್ಟರೆ! ಕೊನೆಗೆ ನಮ್ಮ ಹಾಸಿಗೆಯ ಉದ್ದ ದಿಂಬನ್ನು ಹೊತ್ತುಕೊಂಡು ಹೋದರು. ಶಾಲೆಯ ಅಂಗಳದಲ್ಲಿ ಜನ ಸುತ್ತ ಕೂತು, ಡಾಕ್ಟರು ದಿಂಬಿಗೆ ಉಸಿರು ಕೊಡುವುದನ್ನು ಬಹಳ ಮರ್ಯಾದೆಯಿಂದ ನೋಡಿದರಂತೆ. ಎಲ್ಲ ಮುಗಿದ ಮೇಲೆ ಅಜ್ಜಿಯೊಬ್ಬಳು ಹತ್ತಿರ ಬಂದು ಕಳಕಳಿಯಿಂದ ಕೇಳಿದಳಂತೆ, "ಬದುಕ್ತೇನಪ್ಪಾ ಅದು?"

ಆ ವರ್ಷ ಮಳೆ ಚೆನ್ನಾಗಿ ಹಿಡಿದು ಅಂಜನಾಪುರದ ಡ್ಯಾಮು ತುಂಬಿತು. ಕೋಡಿ ಬಿದ್ದ ನೀರು ನೋಡಬೇಕೆಂದು ಅತ್ತೆಗೆ ಆಸೆಯಾಯಿತು. ಭಾನುವಾರ ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೊರಟೆವು. ಬುತ್ತಿಯ ವಾಸನೆ ಹಿಡಿದು ಸೊರಬದವರೂ ಬಂದಿದ್ದರು. ಚಾನಲ್ ಏರಿಯ ಮರದ ಕೆಳಗೆ ಕುಳಿತಿದ್ದಾಗ ದೂರದಲ್ಲಿ ಹೆಂಗಸೊಬ್ಬಳು ಕಿರುಚಿದಳು. ತಾಯಿಯ ಜೊತೆ ಬಟ್ಟೆ ಒಗೆಯಲು ಬಂದ ಹುಡುಗಿ, ಎಂಟೋ ಒಂಬತ್ತೋ ವರ್ಷದ್ದು, ಕಾಲು ಜಾರಿ ಚಾನಲ್ಲಿಗೆ ಬಿದ್ದಿದ್ದಳು. ಗದ್ದೆಯಲ್ಲಿದ್ದವರು ಹಾರಿ ಮೇಲೆತ್ತುವ ಹೊತ್ತಿಗೆ ಮೈ ತಣ್ಣಗಾಗಿ ಜೋತುಬಿದ್ದಿತ್ತು.

ನಮ್ಮವರು ಏರಿಯ ಮೇಲೆ ಓಡಿದರು. ಓಡಬಾರದ ಮನುಷ್ಯ! ಹಿಂದಿನಿಂದ "ಓಡಬೇಡ್ರೀ" ಎಂದು ಕೂಗುತ್ತ ನಾನೂ ಓಡಿದೆ. ಯಾರೋ ಹುಡುಗಿಯನ್ನು ತಲೆಕೆಳಗಾಗಿ ಹೆಗಲಿಗೆ ಹಾಕಿಕೊಂಡು ತಿರುಗಿಸುತ್ತಿದ್ದ. "ಕುಂಬಾರ್ರ ಮನಿಗೆ ಒಯ್ರೋ!" ಎಂದು ಇನ್ನೊಬ್ಬ ಕೂಗುತ್ತಿದ್ದ. ಇವರು ಅವಳನ್ನು ಕಿತ್ತುಕೊಂಡು ನೆಲಕ್ಕೆ ಮಲಗಿಸಿದರು. ಬಾಯಿಯ ಕೆಸರು ತೆಗೆದರು, ಕತ್ತು ಬಗ್ಗಿಸಿದರು, ಹೆಗಲ ವಸ್ತ್ರ ಹಾಕಿ ಊದಿದರು. ಹುಡುಗಿಯ ಎದೆ ಏರಿತು, ಇಳಿಯಿತು. ಮತ್ತೆ ಊದಿದರು. ನನ್ನ ಕಣ್ಣು ಹುಡುಗಿಯ ಮೇಲಿದ್ದರೂ ಕಿವಿ ಇವರ ಎದೆಯ ಮೇಲಿತ್ತು. ಸಿಳ್ಳೆ ಶುರುವಾಗಿತ್ತು. ಇನ್ನೂ ಒಂದೆರಡು ಸಲ ಹೇಗೋ ಊದಿದರು. ಆಮೇಲೆ ಹಿಂದಕ್ಕೆ ಕುಸಿದು ಕುಳಿತರು. ತುಟಿ ನೀಲಿಯಾಗಿತ್ತು, ಮಾತು ಹೊರಡಲಿಲ್ಲ. ಕೈಯೆತ್ತಿ ನನ್ನನ್ನು ತೋರಿಸಿದರು.

ಅಷ್ಟರಲ್ಲಿ ಸೊರಬದವರು ಮುಂದೆ ಬಂದು ಹುಡುಗಿಯನ್ನು ಬೋರಲು ತಿರುಗಿಸತೊಡಗಿದರು. ಪಾಪ, ಅವರ ಕೈಗೆ ಗೊತ್ತಿದ್ದುದು ಅದೊಂದೇ. ಇವರು ಉಸಿರಿಲ್ಲದೆ ತಲೆ ಅಲ್ಲಾಡಿಸುತ್ತಿದ್ದರು.

"ಬಿಡ್ರೀ! ಅದು ಹಳೇದು!" ಎಂದು ನಾನು ಅವರ ಕೈ ತಳ್ಳಿದೆ. ಡಾಕ್ಟರೊಬ್ಬರನ್ನು ನಾನು ತಳ್ಳಿದ್ದು ಅದೇ ಮೊದಲು! ಮಂಡಿಯೂರಿ ಕುಳಿತೆ. ಸುತ್ತ ಗುಸುಗುಸು ಶುರುವಾಯಿತು. "ಯವ್ವಾ, ಡಾಕ್ಟ್ರ ಹೆಂಡ್ರು! ಯಾವ ಕೇರಿ ಹುಡುಗಿ ಅಂತ ಕೇಳಬಾರ್ದೇನ್ರೀ?" ಕೇಳುವುದೇನು? ಕೆಸರು ಮೆತ್ತಿದ ಆ ಮುಖದಲ್ಲಿ ನನಗೆ ಕಂಡದ್ದು ಬಾಯಿಯೊಂದೇ. ಕತ್ತು ಬಗ್ಗಿಸಿದೆ, ಮೂಗು ಹಿಡಿದೆ, ಊದಿದೆ. ಗಾಳಿ ಕೆನ್ನೆಯಲ್ಲೇ ನಿಂತಿತು. ಅಷ್ಟು ಸಲ ಸತ್ತವಳಿಗೆ ಇದು ಗೊತ್ತಾಗದೆ? ಕತ್ತನ್ನು ಇನ್ನೂ ಹಿಂದಕ್ಕೆ ಬಗ್ಗಿಸಿ ಊದಿದೆ. ಆದರೂ ಎದೆ ಏರಲಿಲ್ಲ. ಒದ್ದೆಯಾದ ವಸ್ತ್ರ ತುಟಿಗೆ ಅಂಟಿಕೊಂಡು ಗಾಳಿಯನ್ನು ತಡೆಯುತ್ತಿತ್ತು. ವಸ್ತ್ರ ಇರಲೇಬೇಕೆಂದು ಮನೆಯಲ್ಲಿ ತೀರ್ಪು ಕೊಟ್ಟಿದ್ದ ಅತ್ತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ವಸ್ತ್ರ ತೆಗಿಯೇ! ಗಾಳಿ ಹೋಗ್ತಿಲ್ಲ, ಕಾಣೋದಿಲ್ವ ನಿಂಗೆ?"

ಅದು ಅತ್ತೆಯ ದನಿಯೇ ಎಂದು ನಾನು ನಂಬುವ ಮೊದಲೇ ಅವರು ಬಗ್ಗಿ ಆ ವಸ್ತ್ರವನ್ನು ಕಿತ್ತು ಚಾನಲ್ಲಿಗೆ ಎಸೆದರು. ನಾನು ಎದೆ ತುಂಬ ಉಸಿರೆಳೆದುಕೊಂಡೆ. "ಜೋರಾಗಲ್ಲ, ಮೆಲ್ಲಗೆ. ಬೂದಿ ಹಾರಿಸಬೇಡ, ಕೆಂಡ ಹಿಡಿಸು" ಎಂದರು. ಹಸಿ ಕಟ್ಟಿಗೆಯ ಒಲೆ ಹೊತ್ತಿಸಲು ನನಗೆ ಕಲಿಸುವಾಗ ಹೇಳಿದ ಅದೇ ಮಾತು. ನಾನು ಒಲೆ ಊದುವ ಹಾಗೆಯೇ ಊದಿದೆ. ಪುಟ್ಟ ಎದೆ ಏರಿತು, ಇಳಿಯಿತು. ಏರಿತು, ಇಳಿಯಿತು. ಎಷ್ಟು ಹೊತ್ತು ಊದಿದೆನೋ ಗೊತ್ತಿಲ್ಲ. ಹುಡುಗಿ ಒಮ್ಮೆ ಬಿಕ್ಕಿದಳು, ಕೆಮ್ಮಿದಳು, ಚಾನಲ್ಲಿನ ನೀರನ್ನೆಲ್ಲ ನನ್ನ ಸೀರೆಯ ಮೇಲೆ ಕಾರಿದಳು. ಆಮೇಲೆ ಕಣ್ಣು ಬಿಟ್ಟು ತಾಯಿಯನ್ನು ಹುಡುಕಿದಳು.

"ಅವ್ವಾ, ಬಟ್ಟಿ ಹೋದ್ವಲ್ಲ..."

"ಹೋದ್ರ ಹೋಗ್ಲಿ ಬಿಡ ನಮ್ಮವ್ವಾ" ಎಂದು ಆ ತಾಯಿ ಅವಳನ್ನು ಅವಚಿಕೊಂಡು ಅತ್ತಳು. ನನಗೂ ಅಳು ಬಂತು.

ಗುಂಪಿನಲ್ಲಿ ನಮ್ಮ ಬೀದಿಯ ಯಜಮಾನರೊಬ್ಬರಿದ್ದರು. ಮನೆಗೆ ಹೋದ ಕೂಡಲೇ ಸೊಸೆಗೆ ಶುದ್ಧಿ ಮಾಡಿಸಿ, ಪುರೋಹಿತರನ್ನು ನಾನೇ ಕಳಿಸುತ್ತೇನೆ ಎಂದು ಅತ್ತೆಗೆ ಸಲಹೆ ಕೊಟ್ಟರು. ಅತ್ತೆ ಸೆರಗು ಬಿಗಿದು ಅವರ ಕಡೆ ತಿರುಗಿದರು.

"ಇದು ಎಂಜಲು ಅನ್ನೋರು ಇವತ್ತಿಂದ ಉಸಿರಾಡೋದು ಬಿಟ್ಟುಬಿಡಿ. ನೀವು ಈಗ ಎಳ್ಕೊಂಡ ಗಾಳಿ ಯಾರ ಮೂಗಿಂದ ಬಂದದ್ದು ಅಂತ ಪುರೋಹಿತರನ್ನ ಕೇಳ್ಕೊಂಡು ಬನ್ನಿ, ಹೋಗಿ!"

ಅಷ್ಟು ಹೇಳಿ ಮರದ ಕೆಳಗೆ ಹೋಗಿ ಕುಳಿತು, ಎಲ್ಲರ ಎದುರಿಗೇ ಬುತ್ತಿ ಬಿಚ್ಚಿಸಿದರು. ನನ್ನ ಕೈಯಿಂದಲೇ ಬಡಿಸಿಕೊಂಡು, ನಾನು ಹಾಕಿದ ಮೊಸರನ್ನವನ್ನು ಒಂದು ಅಗುಳೂ ಬಿಡದೆ ಉಂಡರು.

ಇತ್ತ ಸೊರಬದವರು ನಮ್ಮವರ ಚೀಲದಿಂದಲೇ ಉಬ್ಬಸದ ಇಂಜೆಕ್ಷನ್ ತೆಗೆದು ಚುಚ್ಚಿದ್ದರು. "ಇದಾದ್ರೂ ನಡೆಯುತ್ತೋ, ಇದೂ ಹಳೇದಾಯ್ತೋ?" ಎಂದು ಅವರು ಸಿಟ್ಟಿನಿಂದ ಕೇಳಿದರೆ, ಸ್ವಲ್ಪ ಉಸಿರು ಬಂದ ನಮ್ಮವರು, "ಹಳೇದೇ. ಚೆನ್ನಾಗಿದೆ" ಎಂದರು.

ಗಾಡಿಯಲ್ಲಿ ಹಿಂದಿರುಗುವಾಗ ನನ್ನ ಪಕ್ಕ ಒರಗಿ ಕುಳಿತವರು ಮೊದಲು ಹೇಳಿದ್ದು, "ಮೊದಲ್ನೇ ಸಲ ಕತ್ತು ಬಗ್ಗಿಸಿದ್ದು ಸಾಲ್ದಾಯ್ತು ನೋಡು." ನನಗೆ ಮೈಯೆಲ್ಲ ಉರಿಯಿತು. ಹೊಗಳಿಕೆಯ ಒಂದು ಮಾತು ಬೇಡವೆ? ಇನ್ನೇನು ಜಗಳ ತೆಗೆಯಬೇಕು, ಅಷ್ಟರಲ್ಲಿ ಮೆಲ್ಲಗೆ ಹೇಳಿದರು, "ನನ್ನ ಎದೆ ಒಂದಿನ ಕೈ ಕೊಡುತ್ತೆ ಅಂತ ಗೊತ್ತಿತ್ತು ಕಣೆ. ಅದಕ್ಕೇ ನಿನ್ನನ್ನ..."

"ಅದಕ್ಕೇ ಸಾಯಿಸ್ತಿದ್ರಾ?"

ಅವರು ಹೌದೆಂದು ತಲೆಯಾಡಿಸಿದರು. ನನಗೆ ಜಗಳ ಮರೆತುಹೋಯಿತು.

ಮಾರನೆಯ ದಿನ ಸೋಮವಾರ. ಸೊರಬಕ್ಕೆ ಹೋಗದೆ ನಮ್ಮಲ್ಲೇ ಉಳಿದಿದ್ದ ಸೊರಬದವರು ಉಪ್ಪಿಟ್ಟಿನ ತಟ್ಟೆಯನ್ನು ತಾವಾಗಿಯೇ ಪಕ್ಕಕ್ಕೆ ಸರಿಸಿ, "ಮಾರಾಯ, ಅದನ್ನ ನಂಗೂ ಕಲಿಸು" ಎಂದರು. ನಮ್ಮವರ ಮುಖ ಅರಳಿತು. ಚಾಪೆ ಹಾಸಿದರು. ನಾನು ರೂಢಿಯಂತೆ ಸಾಯಲು ಸೆರಗು ಸರಿಪಡಿಸಿಕೊಳ್ಳುತ್ತಿದ್ದೆ.

"ಇವತ್ತು ನೀನಲ್ಲ, ನಾನು" ಎಂದು ಅವರೇ ಮಲಗಿದರು. ಕಣ್ಣು ಮುಚ್ಚಿದರು. ಉಸಿರು ಹಿಡಿದರು.

ಬೀದಿಯ ಬಾಗಿಲು ತೆರೆದೇ ಇತ್ತು. ನಿನ್ನೆಯ ಸುದ್ದಿ ಕೇಳಿ ಅಂಗಳದಲ್ಲಿ ನಾಲ್ಕಾರು ಜನ ಬಂದು ನಿಂತಿದ್ದರು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿದ್ದರು. ಚಾಪೆಯ ಮೇಲಿದ್ದ ನಮ್ಮವರ ಎದೆಯ ಸಿಳ್ಳೆಯೂ ಕೇಳಿಸುತ್ತಿರಲಿಲ್ಲ. ಇಷ್ಟು ವರ್ಷ ಯಾವ ಸಿಳ್ಳೆ ಕೇಳಿದರೆ ನನಗೆ ನಿದ್ದೆ ಬರುತ್ತಿರಲಿಲ್ಲವೋ, ಅದು ಒಮ್ಮೆ ಕೇಳಿಸಲಿ ಎಂದು ಕಿವಿಗೊಟ್ಟು ನಿಂತೆ. ನಾನು ಸತ್ತಾಗಲೆಲ್ಲ ನಕ್ಕಿದ್ದೆ. ಅವರೇಕೆ ಒಂದು ಸಲವೂ ನಗಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

"ಸುಮ್ನೆ ತೋರಿಸಿದ್ರೆ ಸಾಕು ತಾಯಿ, ಜನ ನೋಡ್ತಿದಾರೆ" ಎಂದು ಸೊರಬದವರು ಪಿಸುಗುಟ್ಟಿದರು.

ನೋಡಲಿ. ನಾನು ಮಂಡಿಯೂರಿ ಕುಳಿತು ಅವರ ಕತ್ತು ಬಗ್ಗಿಸಿದೆ. ತೆರೆದ ಬಾಗಿಲಿನ ಎದುರಿಗೇ, ಅತ್ತೆಯ ಎದುರಿಗೇ, ಊರಿನವರ ಎದುರಿಗೇ, ಮೆಲ್ಲಗೆ ಊದಿದೆ. ನಡುವೆ ವಸ್ತ್ರ ಹಾಕಲಿಲ್ಲ.